ತುರ್ತು ವೈದ್ಯಕೀಯ ತಂತ್ರಜ್ಞರ ಪಠ್ಯ ಪರಿಷ್ಕರಣೆ: ಭಟ್ಕಳ, ಹೊನ್ನಾವರ, ಕುಮಟಾ

ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕದಲ್ಲಿದ್ದು, ಆಸ್ಪತ್ರೆ ಮುಟ್ಟುವವರೆಗೆ ಜೀವ ಉಳಿಸಿಕೊಡುವ ತರಬೇತಾದ ಸಿಬ್ಬಂದಿಗೆ ತುರ್ತು ವೈದ್ಯಕೀಯ ತಂತ್ರಜ್ಞ ಎಂದು ಹೆಸರು. ಕರ್ನಾಟಕದಲ್ಲಿ ಎಲ್ಲರ ಬಾಯಲ್ಲಿ ಇರುವುದು ಇಎಂಟಿ. ಈ ವಿದ್ಯಾರ್ಥಿಗಳು ಓದುವ ಪುಸ್ತಕ, ಗೋಡೆಯ ಚಿತ್ರಪಟ, ಕೌಶಲ ಪರೀಕ್ಷೆಯ ಹಾಳೆ, ಅಭ್ಯಾಸಕ್ಕೆಂದು ಕಟ್ಟಿಕೊಡುವ ಪ್ರಕರಣಗಳು ಇವೆಲ್ಲ ಸೇರಿ ಪಠ್ಯಸಾಮಗ್ರಿ. ವೈದ್ಯಕೀಯ ತಿಳಿವಳಿಕೆ ಬದಲಾದಂತೆ ಇವನ್ನು ತಿದ್ದಬೇಕಾಗುತ್ತದೆ. ಕೆಲಸ ಮಾಡುವ ಊರಿನ ಕಷ್ಟಗಳಿಗೆ ತಕ್ಕಂತೆಯೂ ತಿದ್ದಬೇಕಾಗುತ್ತದೆ. ಉತ್ತರ ಕನ್ನಡದ ದಕ್ಷಿಣ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಈ ಎರಡನೆಯ ತಿದ್ದುಪಡಿಗೆ ವಿಶೇಷ ತೂಕವಿದೆ. ಇಲ್ಲಿನ ಗಂಭೀರ ರೋಗಿಗಳನ್ನು ಹೆಚ್ಚಾಗಿ ಉಡುಪಿ, ಮಣಿಪಾಲ, ಮಂಗಳೂರಿಗೆ ರೆಫರ್ ಮಾಡುತ್ತಾರೆ. ಮಣಿಪಾಲಕ್ಕೆ ಭಟ್ಕಳದಿಂದ ಸುಮಾರು 90 ಕಿ.ಮೀ., ಹೊನ್ನಾವರದಿಂದ ಸುಮಾರು 125, ಕುಮಟಾದಿಂದ ಸುಮಾರು 145. ಹತ್ತಿಪ್ಪತ್ತು ನಿಮಿಷದಲ್ಲಿ ಆಸ್ಪತ್ರೆ ಸಿಗುವ ನಗರವನ್ನು ಮನಸ್ಸಿನಲ್ಲಿಟ್ಟು ಬರೆದ ಪಾಠ ಈ ದಾರಿಯ ಅರ್ಧಕ್ಕೇ ಮುಗಿದುಹೋಗುತ್ತದೆ.

ಹಿನ್ನೆಲೆ

ಈ ವೃತ್ತಿಯ ಪಾಠಕ್ರಮ ಹುಟ್ಟಿದ್ದು ಅಮೆರಿಕದಲ್ಲಿ. ಅಪಘಾತದ ಸಾವುಗಳ ಬಗ್ಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಹೊರತಂದ ವರದಿ ಸರ್ಕಾರದ ಕಣ್ಣು ತೆರೆಸಿತು. ಭಾರತದಲ್ಲಿ 2005ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಇಎಂಆರ್‌ಐ ಸಂಸ್ಥೆಯಿಂದ 108 ಆಂಬುಲೆನ್ಸ್ ಸೇವೆ ಬೆಳೆಯಿತು. ಕರ್ನಾಟಕಕ್ಕೆ ಅದು ಬಂದದ್ದು 2008ರ ನವೆಂಬರ್ 1ರಂದು, ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ. ಪ್ರತಿ ವಾಹನಕ್ಕೆ ಒಬ್ಬ ಇಎಂಟಿ, ಒಬ್ಬ ಚಾಲಕ. ಈ ಚಾಲಕನನ್ನು ಸೇವೆಯೊಳಗಿನವರು ಪೈಲಟ್ ಎನ್ನುತ್ತಾರೆ. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ಕೆಲಸಕ್ಕೆ ವೃತ್ತಿಯ ಮಾನ್ಯತೆ ಕೊಟ್ಟಿತು.

ಎದೆ ಒತ್ತುವ ಪಾಠ, ನೀರಿಗೆ ಬಿದ್ದವರ ಪಾಠ

ಹೃದಯ ನಿಂತವರಿಗೆ ಮಾಡುವ ಸಿಪಿಆರ್‌ನ ಪಾಠದಷ್ಟು ಬೇಗ ಹಳತಾಗುವ ಪಾಠ ಇನ್ನೊಂದಿಲ್ಲ. 2005ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸೂಚಿಯಲ್ಲಿ ಎದೆಯನ್ನು 4ರಿಂದ 5 ಸೆಂ.ಮೀ. ಒತ್ತಿರಿ ಎಂದಿತ್ತು. 2010ರಲ್ಲಿ ಅದು ಕನಿಷ್ಠ 5 ಸೆಂ.ಮೀ. ಆಯಿತು, ಜತೆಗೆ ಮೊದಲು ಉಸಿರಿನ ದಾರಿ ನೋಡುವ ಕ್ರಮ ಹೋಗಿ ಮೊದಲು ಎದೆ ಒತ್ತುವ ಕ್ರಮ ಬಂತು. 2015ರಲ್ಲಿ ಮೇಲ್ಮಿತಿಯೂ ಸೇರಿ 5ರಿಂದ 6 ಸೆಂ.ಮೀ., ನಿಮಿಷಕ್ಕೆ 100ರಿಂದ 120 ಎಂದಾಯಿತು. ನಮ್ಮಲ್ಲಿ ಭಾರತೀಯ ಅರಿವಳಿಕೆ ತಜ್ಞರು ಕಟ್ಟಿದ ಪುನಶ್ಚೇತನ ಮಂಡಳಿ 2017ರಲ್ಲಿ ಜನಸಾಮಾನ್ಯರಿಗೆಂದು ಬಾಯಿಯಿಂದ ಉಸಿರು ಕೊಡದೆ ಎದೆ ಮಾತ್ರ ಒತ್ತುವ ಸರಳ ವಿಧಾನ ಪ್ರಕಟಿಸಿತು. ರಸ್ತೆಯಲ್ಲಿ ಕುಸಿದುಬಿದ್ದ ವಯಸ್ಕರಿಗೆ ಅದು ಒಳ್ಳೆಯ ದಾರಿ.

ಕಡಲತೀರದ ವಿದ್ಯಾರ್ಥಿಗೆ ಅಷ್ಟೇ ಕಲಿಸಿ ಕೈಬಿಟ್ಟರೆ ಮಾತ್ರ ಅನಾಹುತ. ನೀರಿನಲ್ಲಿ ಮುಳುಗಿದವರ ಹೃದಯ ನಿಲ್ಲುವುದು ಉಸಿರುಗಟ್ಟಿ, ಆಮ್ಲಜನಕವಿಲ್ಲದೆ. ಅವರಿಗೆ ಮೊದಲು ಬೇಕಾದದ್ದು ಉಸಿರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2024ರಲ್ಲಿ ಮುಳುಗುವಿಕೆಗೆಂದೇ ಹೊರಡಿಸಿದ ಪರಿಷ್ಕರಣೆ ಇದನ್ನು ಒತ್ತಿ ಹೇಳಿದೆ. ಆ ಸಂಘದ ಕ್ರಮದಲ್ಲಿ ಆರಂಭದ ಉಸಿರು 2, ಯುರೋಪಿನ ಮಂಡಳಿಯ ಕ್ರಮದಲ್ಲಿ 5. ಪಠ್ಯ ಎರಡರಲ್ಲಿ ಒಂದನ್ನು ಆರಿಸಿ, ಯಾವುದೆಂದು ಬರೆದು, ಪರೀಕ್ಷೆಯಲ್ಲೂ ಅದನ್ನೇ ಕೇಳಬೇಕು. ಪುಸ್ತಕದಲ್ಲಿ ಒಂದು, ಗೋಡೆಯ ಪಟದಲ್ಲಿ ಇನ್ನೊಂದು ಇದ್ದರೆ ದಡದಲ್ಲಿ ಕೈ ತಡವರಿಸುತ್ತದೆ.

ಈ ತೀರದಲ್ಲಿ ಇದು ಪುಸ್ತಕದ ಮಾತಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಗೋಕರ್ಣದ ತೀರಗಳಲ್ಲೂ ಪ್ರವಾಸಿಗರು ಅಲೆಗೆ ಸಿಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದರೂ ನಾಡದೋಣಿಗಳು ಮಳೆಗಾಲದ ಕಡಲಿಗೆ ಇಳಿಯುತ್ತವೆ. ಶರಾವತಿ, ಅಘನಾಶಿನಿಗಳ ಅಳಿವೆಗಳಲ್ಲಿ ದೋಣಿ ಮಗುಚುವ ಭಯ ಆಗಲೇ ಹೆಚ್ಚು. ಮೇಲೆತ್ತಿದವರ ಹೊಟ್ಟೆ ಅಮುಕಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು ಇನ್ನೂ ನಿಂತಿಲ್ಲ. ಹೊಟ್ಟೆಯಿಂದ ಬಂದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಉಸಿರು ಕೊಡಬೇಕಾದ ನಿಮಿಷಗಳೂ ಕಳೆಯುತ್ತವೆ. ಸುತ್ತ ನೆರೆದವರು ಹಾಗೆ ಮಾಡುತ್ತಿರುವಾಗ ಅವರನ್ನು ನೋಯಿಸದೆ ಪಕ್ಕಕ್ಕೆ ಸರಿಸಿ ಕೆಲಸ ಕೈಗೆತ್ತಿಕೊಳ್ಳುವುದನ್ನೂ ಅಭ್ಯಾಸದ ಪ್ರಕರಣದೊಳಗೆ ತರಬೇಕು. ಕೇಳುವ ಮಾತು ಕನ್ನಡದಲ್ಲೇ ಬರುತ್ತದೆ ಎನ್ನುವಂತಿಲ್ಲ. ಕೊಂಕಣಿ, ಉರ್ದು, ಭಟ್ಕಳದ ನವಾಯತಿ ಮಾತಾಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಏನಾಯಿತು, ಯಾವಾಗ ಆಯಿತು, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬ ನಾಲ್ಕಾರು ಪ್ರಶ್ನೆಗಳನ್ನು ಈ ಭಾಷೆಗಳಲ್ಲೂ ಬಾಯಿಪಾಠ ಮಾಡಿಸುವುದು ಮೇಲು.

ಹಾವು, ರಕ್ತ, ಬಿಗಿಪಟ್ಟಿ

ಹಾವು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಇವನ್ನೆಲ್ಲ ಈಗಿನ ಚಿಕಿತ್ಸಾ ಸೂಚಿಗಳು ಕಡ್ಡಾಯವಾಗಿ ಬೇಡವೆನ್ನುತ್ತವೆ. ಕಚ್ಚಿಸಿಕೊಂಡವರನ್ನು ನಡೆಸದೆ, ಮೂಳೆ ಮುರಿದ ಕೈಕಾಲಿಗೆ ಕಟ್ಟುವಂತೆ ದಬ್ಬೆ ಕಟ್ಟಿ, ಉಂಗುರ ಬಳೆ ಬಿಚ್ಚಿ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಉಪಚಾರ. ಅದೇ ಹೊತ್ತಿಗೆ, ರಸ್ತೆ ಅಪಘಾತದಲ್ಲಿ ಕೈಕಾಲಿನಿಂದ ನಿಲ್ಲದೆ ರಕ್ತ ಸುರಿಯುತ್ತಿದ್ದರೆ ಟೂರ್ನಿಕೆ ಪಟ್ಟಿಯನ್ನು ಗಾಯಕ್ಕಿಂತ ಮೇಲೆ ಬಿಗಿದು, ಕಟ್ಟಿದ ಗಂಟೆ ಬರೆದಿಡಬೇಕೆಂಬುದು ಹೊಸ ಪಾಠ; ಹಿಂದೆ ಇದನ್ನು ಕೊನೆಯ ಉಪಾಯವೆಂದು ಬದಿಗಿಡುತ್ತಿದ್ದರು. ಒಂದೇ ಪಟ್ಟಿ ಒಂದು ಅಧ್ಯಾಯದಲ್ಲಿ ನಿಷಿದ್ಧ, ಇನ್ನೊಂದರಲ್ಲಿ ಜೀವರಕ್ಷಕ. ಬೇರೆಬೇರೆ ವಾರಗಳಲ್ಲಿ ಕಲಿಸಿದರೆ ವಿದ್ಯಾರ್ಥಿಗೆ ಗೊಂದಲವಾಗುವುದು ಸಹಜ. ಎರಡನ್ನೂ ಒಂದೇ ದಿನ ಎದುರುಬದುರಿಟ್ಟು ಕಲಿಸಬೇಕು.

ಭಾರತದಲ್ಲಿ ಸಿಗುವ ಬಹುವಿಷ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೆ ಮಾತ್ರ. ಘಟ್ಟದ ತೋಟಗಳಲ್ಲಿ ಕಾಣುವ ಗುಳಿಮಂಡಲಗಳ ವಿಷಕ್ಕೆ ಅದು ಕೆಲಸ ಮಾಡದು. ಬಲೆ ಎಳೆಯುವಾಗ ಮೀನಿನೊಂದಿಗೆ ಬರುವ ಕಡಲ ಹಾವಿಗೂ ಮಾಡದು. ಕಡಲ ಹಾವು ಕಚ್ಚಿದರೆ ಮೈಕೈ ಸ್ನಾಯು ನೋವು, ಬಿಗಿತ, ಕಡುಬಣ್ಣದ ಮೂತ್ರ ಕಾಣಿಸಬಹುದು; ಉಸಿರಾಟದ ಸ್ನಾಯುಗಳು ಸೋಲಬಹುದು. ಹೀಗಾಗಿ ದೋಣಿಯಿಂದ ಇಳಿಸಿಕೊಂಡವರ ಉಸಿರನ್ನು ದಾರಿಯುದ್ದಕ್ಕೂ ಎಣಿಸುತ್ತ, ಉಸಿರು ಕೊಡುವ ಆಂಬು ಬ್ಯಾಗ್ ಕೈಗೆಟುಕುವಂತೆ ಇಟ್ಟುಕೊಂಡೇ ಹೋಗಬೇಕು. ಒಳನಾಡಿನಲ್ಲಿ ಅಚ್ಚಾದ ಪಠ್ಯದಲ್ಲಿ ಕಡಲ ಹಾವಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ತದಡಿ, ಕಾಸರಕೋಡು, ಭಟ್ಕಳ ಬಂದರುಗಳ ಹತ್ತಿರ ಕೆಲಸ ಮಾಡುವವರಿಗೆ ಅದು ಸಾಲದು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ಇಎಂಟಿ ಬರೆದುಕೊಡುವ ಕಚ್ಚಿದ ಹೊತ್ತು, ಜಾಗ, ಲಕ್ಷಣಗಳ ವಿವರಕ್ಕೆ ಇದರಿಂದ ಬೆಲೆ ಹೆಚ್ಚಿದೆ.

ವಾಹನದೊಳಗಿನ ಎರಡು ಮೂರು ಗಂಟೆ

ದೂರದ ದಾರಿಯ ಕಷ್ಟವನ್ನು ಆಮ್ಲಜನಕದ ಲೆಕ್ಕದಿಂದಲೇ ನೋಡಬಹುದು. ಬಿ ಮಾದರಿಯ ಸಿಲಿಂಡರ್ ತುಂಬಿದಾಗ ಸುಮಾರು 1500 ಲೀಟರ್ ಅನಿಲ ಹಿಡಿಯುತ್ತದೆ. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ ಕುಮಟಾದಿಂದ ಮಣಿಪಾಲಕ್ಕೆ 145 ನಿಮಿಷ, ಅಂದರೆ 2175 ಲೀಟರ್ ಬೇಕು. ಒಂದು ಸಿಲಿಂಡರ್ ಕುಂದಾಪುರದ ಆಸುಪಾಸಿನಲ್ಲೇ ಬರಿದಾಗುತ್ತದೆ. ಗೇಜಿನ ಮುಳ್ಳು 100 ಬಾರ್ ತೋರಿಸುತ್ತಿದ್ದರೆ, ಸಿಲಿಂಡರಿನ 10 ಲೀಟರ್ ನೀರಿನ ಅಳತೆಯಿಂದ ಗುಣಿಸಿದಾಗ ಉಳಿದಿರುವುದು 1000 ಲೀಟರ್. ಅದು 66 ನಿಮಿಷದ ಮಾತು, ಭಟ್ಕಳದಿಂದ ಹೊರಟರೂ ಸಾಲದು. ಈ ಗುಣಾಕಾರ ಭಾಗಾಕಾರವನ್ನು ಪ್ರತಿ ವಿದ್ಯಾರ್ಥಿಯೂ ಹೊರಡುವ ಮುನ್ನ ಬಾಯಲ್ಲೇ ಮಾಡುವಂತಾಗಬೇಕು, ಅದಕ್ಕೆ ಅಂಕವೂ ಇರಬೇಕು. ಎದೆನೋವಿನ ಪ್ರತಿಯೊಬ್ಬರಿಗೂ ಆಮ್ಲಜನಕ ಹಚ್ಚುವ ಹಳೆಯ ರೂಢಿಯೂ ಹೋಗಿದೆ. ಪಲ್ಸ್ ಆಕ್ಸಿಮೀಟರ್ ಶೇ 90ಕ್ಕಿಂತ ಕೆಳಗೆ ತೋರಿಸದ ಹೃದಯಾಘಾತದ ರೋಗಿಗೆ ಅದು ವಾಡಿಕೆಯಾಗಿ ಬೇಕಿಲ್ಲ.

ಬೆನ್ನುಮೂಳೆಯ ಪಾಠವೂ ದೂರದ ದಾರಿಗೆ ತಕ್ಕಂತೆ ಬದಲಾಗಬೇಕಾಗಿದೆ. ಅಡಿಕೆ ಕೊನೆ ಕೊಯ್ಯಲು, ತೆಂಗಿನಕಾಯಿ ಕೆಡವಲು ಮರ ಹತ್ತಿದವರು ಬೀಳುವುದು ಈ ಭಾಗದ ನಿತ್ಯದ ಅಪಾಯ. ಬಿದ್ದವರನ್ನು ಗಟ್ಟಿ ಸ್ಪೈನ್ ಬೋರ್ಡಿಗೆ ಬಿಗಿದು ಹಾಗೇ ಆಸ್ಪತ್ರೆಯವರೆಗೆ ಒಯ್ಯುವುದು ಹಿಂದಿನ ಕ್ರಮ. ಅಮೆರಿಕದ ಶಸ್ತ್ರಚಿಕಿತ್ಸಕರ ಹಾಗೂ ತುರ್ತು ವೈದ್ಯರ ಸಂಘಟನೆಗಳು 2018ರಲ್ಲಿ ಹೊರಡಿಸಿದ ಜಂಟಿ ಹೇಳಿಕೆಯ ಪ್ರಕಾರ ಮುಖ್ಯವಾದುದು ಬೆನ್ನುಮೂಳೆ ಅಲುಗದಂತೆ ನೋಡಿಕೊಳ್ಳುವುದು. ಬೋರ್ಡು ಎತ್ತಿ ಸಾಗಿಸುವ ಸಾಧನ, ಪಯಣವನ್ನು ಸ್ಟ್ರೆಚರಿನ ಹಾಸಿಗೆಯ ಮೇಲೂ ಮಾಡಬಹುದು. ಎರಡು ಗಂಟೆ ಮರದಂಥ ಹಲಗೆಯ ಮೇಲೆ ಮಲಗಿದವರಿಗೆ ನೋವು, ಉಸಿರಾಟದ ತೊಂದರೆ, ಸೊಂಟ ಹಿಮ್ಮಡಿಗಳಲ್ಲಿ ಒತ್ತುಹುಣ್ಣು ಬರುತ್ತವೆ.

ಹೃದಯಾಘಾತದಲ್ಲಿ ಮಾತ್ರ ದಾರಿಯೇ ಬೇರೆಯಾಗಬಹುದು. ಆಂಜಿಯೋಪ್ಲಾಸ್ಟಿ ಮಾಡುವಲ್ಲಿಗೆ 120 ನಿಮಿಷದೊಳಗೆ ಮುಟ್ಟಿಸಲಾಗದಿದ್ದರೆ, ಹೆಪ್ಪು ಕರಗಿಸುವ ಔಷಧ ಮೊದಲು ಕೊಡಬೇಕೆಂಬುದು ಜಗತ್ತಿನ ಒಪ್ಪಿತ ಸೂತ್ರ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆ ಈ ಸೂತ್ರದ ಮೇಲೇ ನಿಂತಿದೆ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದ ಹೃದ್ರೋಗ ತಜ್ಞರಿಂದ ಅದರ ಪರಿಶೀಲನೆ, ಬೇಕಿದ್ದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು. ‘ಎದೆನೋವೆಂದರೆ ನೇರ ದೊಡ್ಡ ಆಸ್ಪತ್ರೆಗೆ’ ಎಂದು ಕಲಿತ ವಿದ್ಯಾರ್ಥಿ ಕುಮಟಾದ ರೋಗಿಯನ್ನು ಮಣಿಪಾಲದತ್ತ ತಿರುಗಿಸಿದರೆ ಆ ಚುಚ್ಚುಮದ್ದಿನ ಹೊತ್ತು ರಸ್ತೆಯಲ್ಲೇ ಕಳೆದುಹೋಗುತ್ತದೆ.

ಹೆರಿಗೆಯ ಅಧ್ಯಾಯದಲ್ಲಿ ಒಂದು ಬದಲಾವಣೆ ಸಾಕು: ಅಳುತ್ತ ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಯನ್ನು ಕೂಡಲೇ ಕತ್ತರಿಸದೆ ಕನಿಷ್ಠ 1 ನಿಮಿಷ ಕಾಯಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ರಾಷ್ಟ್ರೀಯ ಹೆದ್ದಾರಿ 66

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಒದ್ದೆಯಾದ ರಸ್ತೆಯ ಮೇಲೆ ಜಾರಿ, ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿಗೆ ಅಪ್ಪಳಿಸಿತು. 4 ಮಂದಿ ಸತ್ತರು. ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಜನರ ಕೂಗು ಅದರಿಂದ ಜೋರಾಯಿತು. ಆಸ್ಪತ್ರೆಯ ಬೇಡಿಕೆ ನ್ಯಾಯವಾದದ್ದು. ಆದರೆ ಆ ದಿನದ ದೃಶ್ಯಗಳನ್ನು ಟೀವಿಯಲ್ಲಿ ಕಂಡವರು ತರಬೇತಿಯ ಬಗ್ಗೆಯೂ ಕೇಳಬೇಕಾದ ಪ್ರಶ್ನೆಗಳಿದ್ದವು. ರೋಗಿಯನ್ನು ಎದೆ, ಸೊಂಟ, ಕಾಲುಗಳ ಪಟ್ಟಿಗಳ ಜತೆಗೆ ಹೆಗಲ ಪಟ್ಟಿಯಿಂದಲೂ ಬಿಗಿಯುವುದು, ಜತೆಗೆ ಬಂದ ಮನೆಯವರನ್ನು ಬೆಲ್ಟ್ ಹಾಕಿಸಿಯೇ ಕೂರಿಸುವುದು, ಸಿಲಿಂಡರ್ ಕಿತ್ತು ಹಾರದಂತೆ ಭದ್ರಪಡಿಸುವುದು, ಮಳೆಯಲ್ಲಿ ಎಷ್ಟು ವೇಗ ಸಾಕು ಎಂಬುದನ್ನು ಪೈಲಟ್ ಮತ್ತು ಇಎಂಟಿ ಇಬ್ಬರೂ ಸೇರಿ ತೀರ್ಮಾನಿಸುವುದು ಪಠ್ಯದ ಕೊನೆಯ ಪುಟದ ಸೂಚನೆಗಳಾಗಿ ಉಳಿಯಬಾರದು.

ಇದೇ ಹೆದ್ದಾರಿಯಲ್ಲಿ ಇನ್ನೊಂದು ಶಿರೂರಿದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಗಂಗಾವಳಿ ನದಿಗೆ ಲಾರಿ, ಜನ ಕೊಚ್ಚಿಹೋದದ್ದು ಕುಮಟಾದಾಚೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ. ಒಂದು ಭಟ್ಕಳದ ದಕ್ಷಿಣಕ್ಕೆ, ಇನ್ನೊಂದು ಕುಮಟಾದ ಉತ್ತರಕ್ಕೆ; ನಡುವೆ ಮೂರೂ ತಾಲ್ಲೂಕುಗಳು. ಗಾಬರಿಯಲ್ಲಿ ಕರೆ ಮಾಡಿದವರು ಊರಿನ ಹೆಸರೊಂದನ್ನೇ ಹೇಳಿದರೆ ಆಂಬುಲೆನ್ಸ್ ತಿರುಗಬೇಕಾದ ದಿಕ್ಕೇ ತಪ್ಪಬಹುದು. ತಾಲ್ಲೂಕು, ಹತ್ತಿರದ ಹೊಳೆ, ದೇವಸ್ಥಾನ, ಟೋಲ್‌ಗೇಟ್ ಕೇಳಿ ಖಚಿತಪಡಿಸಿಕೊಳ್ಳುವ ಸಂಭಾಷಣೆಯ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮಳೆಗಾಲದಲ್ಲಿ ಶಿರಸಿ ಕಡೆಯ ದೇವಿಮನೆ ಘಟ್ಟ ಮುಚ್ಚಿದಾಗ ಯಾವ ದಾರಿ ಎಂಬ ನಕ್ಷೆಯನ್ನು ಪ್ರತಿವರ್ಷ ಮೇ ತಿಂಗಳಲ್ಲಿ ಹೊಸದಾಗಿ ಬರೆಯಬೇಕು.

2015ರಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ, ಸೋರಿದ ಅನಿಲಕ್ಕೆ ಬೆಂಕಿ ಹೊತ್ತಿ ಹಲವರು ಸುಟ್ಟು ಸತ್ತರು. ಟ್ಯಾಂಕರಿನ ಮೇಲಿನ ಫಲಕದಲ್ಲಿ 1075 ಎಂಬ ಸಂಖ್ಯೆ ಕಂಡರೆ ಅದು ಅಡುಗೆ ಅನಿಲವೆಂದು ದೂರದಿಂದಲೇ ಓದಲು ಬರಬೇಕು. ಗಾಳಿ ಬೀಸಿ ಬರುವ ದಿಕ್ಕಿನಲ್ಲಿ, ಎತ್ತರದ ಜಾಗದಲ್ಲಿ ವಾಹನ ನಿಲ್ಲಿಸಬೇಕು. ಟ್ಯಾಂಕರಿಗೇ ಬೆಂಕಿ ತಗುಲಿದ್ದರೆ 1600 ಮೀಟರ್ ದೂರದವರೆಗೆ ಜನರನ್ನು ತೆರವುಗೊಳಿಸುವುದು ಅಂತರರಾಷ್ಟ್ರೀಯ ಸೂಚಿ. ಅಗ್ನಿಶಾಮಕ ದಳ ಹೇಳುವವರೆಗೆ ಒಳಗೆ ಹೋಗದಿರುವುದನ್ನು ಹೇಡಿತನವೆಂದು ಯಾರೂ ತಿಳಿಯದಂತೆ ಪಠ್ಯವೇ ಧೈರ್ಯ ಕೊಡಬೇಕು. ಗಾಯಾಳುಗಳನ್ನು ಹೊತ್ತು ತಂದ ದಾರಿಹೋಕರಿಗೆ ರಾಜ್ಯದ 2016ರ ಕಾಯ್ದೆಯೂ 2019ರ ಮೋಟಾರು ವಾಹನ ತಿದ್ದುಪಡಿಯೂ ರಕ್ಷಣೆ ಕೊಡುತ್ತವೆ. ಅವರನ್ನು ಪೊಲೀಸ್ ಕೇಸಿನ ಹೆದರಿಕೆಯಿಂದ ಬಿಡಿಸಿ ಹೇಳುವುದೂ ಇಎಂಟಿಯ ಕೆಲಸ.

ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಹೊನ್ನಾವರದ ಕಾಡಂಚಿಗೂ ಹಬ್ಬಿದೆ. ಹಳೆಯ ಪಠ್ಯಗಳು ತಡೆಗೆ ಲಸಿಕೆ ಇದೆ ಎನ್ನುತ್ತವೆ. ಪರಿಣಾಮ ಸಾಲದೆಂದು ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಜ್ವರ, ಮೈಕೈನೋವು, ರಕ್ತಸ್ರಾವ ಇರುವವರನ್ನು ಕಾಡಿಗೆ ಹೋಗಿದ್ದಿರಾ, ಸತ್ತ ಮಂಗ ಕಂಡಿರಾ, ಉಣುಗು ಕಚ್ಚಿತೇ ಎಂದು ಕೇಳುವುದು ಈಗಿನ ಪಾಠ.

ತಿದ್ದುವ ಬಗೆ

ಪುನಶ್ಚೇತನದ ಬಗ್ಗೆ ಜಗತ್ತಿನ ಪುರಾವೆಗಳನ್ನು ತೂಗುವ ಒಕ್ಕೂಟ ಐಎಲ್‌ಸಿಒಆರ್ 1992ರಲ್ಲಿ ಸ್ಥಾಪನೆಯಾಯಿತು. ಮೊದಲು ಐದು ವರ್ಷಕ್ಕೊಮ್ಮೆ ಬರುತ್ತಿದ್ದ ಅದರ ತೀರ್ಮಾನಗಳು ಈಗ ವರ್ಷವರ್ಷವೂ ಬರುತ್ತವೆ. ಅಷ್ಟು ಬೇಗ ಪುಸ್ತಕ ಅಚ್ಚಾಗದು. ಆದ್ದರಿಂದ ಪಠ್ಯವನ್ನು ಬಿಡಿ ಹಾಳೆಗಳ ಕಡತವಾಗಿಟ್ಟು, ಪ್ರತಿ ಹಾಳೆಯ ಅಡಿಯಲ್ಲಿ ತಿದ್ದಿದ ತಾರೀಕು ಹಾಕುವುದು ಅನುಕೂಲ. ಹಾಳೆ ಬದಲಿಸಿದ ವಾರವೇ ಬೋಧಕರೂ ಬೊಂಬೆಯ ಮೇಲೆ ಕೈಯಾರೆ ಮಾಡಿ ತೋರಿಸಬೇಕು, ಏಕೆಂದರೆ ಓದಿ ಕಲಿತದ್ದಕ್ಕಿಂತ ಹಳೆಯ ರೂಢಿ ಕೈಗೆ ಬೇಗ ಬರುತ್ತದೆ. ಹೊಸ ಹಾಳೆ ಕೊಡುವಾಗ ಹಳೆಯದನ್ನು ಎಣಿಸಿ ವಾಪಸು ಪಡೆಯಬೇಕು: ತರಗತಿಯ ಗೋಡೆಯಿಂದ, ವಿದ್ಯಾರ್ಥಿಗಳ ಮೊಬೈಲಿನಿಂದ, ಆಂಬುಲೆನ್ಸಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿರುವ ಲ್ಯಾಮಿನೇಟ್ ಕಾರ್ಡೂ ಸೇರಿದಂತೆ.