ಕಾವಲುಗಾರನ ಸುಳ್ಳು ಕೂಗು



ನಿವೃತ್ತಿಯ ಬಳಿಕ ನಾನು ಗಣಕಯಂತ್ರ ಕಲಿತದ್ದು ನಿಮ್ಮಲ್ಲಿ ಹಲವರಿಗೆ ತಿಳಿದೇ ಇದೆ. ಆ ಕಲಿಕೆಯಲ್ಲಿ ಈ ಮೇಷ್ಟ್ರು ನಪಾಸಾದ ಒಂದು ಪಾಠವನ್ನು ಇಂದು ಬರೆಯುತ್ತಿದ್ದೇನೆ.

ಅದು 2009ರ ಫೆಬ್ರವರಿ. ಯಲಹಂಕ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತಿದ್ದ ವಾರ. ವಿಮಾನಗಳ ಸದ್ದಿಗೆ ನಮ್ಮ ಮನೆಯ ಕಿಟಕಿಗಳು ನಡುಗುತ್ತಿದ್ದವು. ನಾನು ತೀರ್ಥರೂಪರ ದಿನಚರಿಯನ್ನು ಕನ್ನಡದಲ್ಲಿ ಬೆರಳಚ್ಚು ಮಾಡುತ್ತ ಕುಳಿತಿದ್ದೆ. ಇದ್ದಕ್ಕಿದ್ದಂತೆ ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಮೂಡಿ, ನಾನು ಬಳಸುತ್ತಿದ್ದ ಕನ್ನಡ ತಂತ್ರಾಂಶವೇ 'ಟ್ರೋಜನ್' ಎಂದು ಸಾರಿತು. ಮರುಕ್ಷಣದಿಂದ ಕೀಲಿ ಒತ್ತಿದರೆ ಇಂಗ್ಲಿಷ್ ಅಕ್ಷರಗಳು ಮಾತ್ರ ಬಂದವು.

ಸಿಟ್ಟಿನಲ್ಲಿ ಆಂಟಿವೈರಸ್ಸನ್ನೇ ನಿಲ್ಲಿಸಿ, ತಂತ್ರಾಂಶವನ್ನು ಮತ್ತೆ ಹಾಕಿಕೊಂಡೆ. ಹತ್ತು ದಿನ ನೆಮ್ಮದಿಯಿಂದ ಕಳೆಯಿತು. ಆಮೇಲೊಂದು ದಿನ, ಮುದ್ರಣಕ್ಕೆಂದು ಹೊರಗೆ ಒಯ್ದಿದ್ದ ಪೆನ್ ಡ್ರೈವ್‌ನೊಡನೆ ನಿಜವಾದ ವೈರಸ್ ಮನೆಗೆ ಬಂತು. ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸಬೇಕಾಯಿತು. ದಿನಚರಿಯ ಮೂಲ ಪುಸ್ತಕವೇನೋ ಉಳಿದಿತ್ತು. ಆದರೆ ಪ್ರತಿಯೊಂದು ಪುಟದ ಕುರಿತು ಅಣ್ಣಯ್ಯನನ್ನು ಕೇಳಿ ಸೇರಿಸಿದ್ದ ಟಿಪ್ಪಣಿಗಳು ಹೋದವು. ಆ ಮಳೆಗಾಲದಲ್ಲಿ ಅಣ್ಣಯ್ಯನೂ ತೀರಿಕೊಂಡ.

ಯಂತ್ರವನ್ನು ಸರಿಪಡಿಸಲು ಹೆಬ್ಬಾಳದಿಂದ ಬಂದ ಹಳೆಯ ವಿದ್ಯಾರ್ಥಿಯೊಬ್ಬ, "ಕಾವಲುಗಾರ ಒಮ್ಮೆ ತಪ್ಪಾಗಿ ಕೂಗಿದನೆಂದು ಅವನನ್ನೇ ಮನೆಗೆ ಕಳಿಸಿಬಿಟ್ಟಿರಲ್ಲ ಸಾರ್!" ಎಂದ. 'ತೋಳ ಬಂತು ತೋಳ' ಕಥೆಯನ್ನು ಅವನಿಗೆ ಹೇಳಿಕೊಟ್ಟವನೇ ನಾನು!

ಅವನು ವಿವರಿಸಿದ್ದು ಹೀಗೆ: ಆಂಟಿವೈರಸ್ ಎರಡು ರೀತಿಯಲ್ಲಿ ಕಳ್ಳನನ್ನು ಗುರುತಿಸುತ್ತದೆ. ಒಂದು, ಪೊಲೀಸ್ ಠಾಣೆಯ ರೌಡಿ ಪಟ್ಟಿಯಂತೆ ಚಹರೆಗಳ ಪಟ್ಟಿ. ಇನ್ನೊಂದು, ನಡವಳಿಕೆಯ ಮೇಲಿನ ಅನುಮಾನ. ಕನ್ನಡ ತಂತ್ರಾಂಶಗಳು ಸಿಕ್ಕಿಬೀಳುವುದು ಈ ಎರಡನೆಯದರಲ್ಲಿ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಮೊದಲಾದವು ನಮ್ಮನ್ನು ಕನ್ನಡದಲ್ಲಿ ಬರೆಯುವಂತೆ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಇಂಥ ತಂತ್ರಾಂಶವು ಕೀಲಿಮಣೆಗೂ ಪರದೆಗೂ ನಡುವೆ ನಿಂತು, ನಾವು ಒತ್ತಿದ ಕೀಲಿಯನ್ನು ಹಿಡಿದು ಕನ್ನಡ ಅಕ್ಷರವನ್ನು ಮೂಡಿಸುತ್ತದೆ. ಗುಪ್ತಪದ ಕದಿಯುವ ಕಳ್ಳ ತಂತ್ರಾಂಶವೂ ಅಲ್ಲಿಯೇ ನಿಂತು ಕೀಲಿಗಳನ್ನು ಹಿಡಿಯುತ್ತದೆ. ಕಾವಲುಗಾರನ ಕಣ್ಣಿಗೆ ಇಬ್ಬರೂ ಒಂದೇ. ಬಳಸುವವರು ಕಡಿಮೆಯಿದ್ದಷ್ಟೂ ಅಪರಿಚಿತನೆಂಬ ಅನುಮಾನ ಹೆಚ್ಚು.

ಈ ಪ್ರಮಾದ ನಮಗಷ್ಟೇ ಮೀಸಲಲ್ಲ. 2007ರ ಮೇ 18ರಂದು ಸಿಮ್ಯಾಂಟೆಕ್ ಹೊರಡಿಸಿದ ಪಟ್ಟಿಯೊಂದು, ಸರಳೀಕೃತ ಚೀನೀ ಭಾಷೆಯ ವಿಂಡೋಸ್ ಎಕ್ಸ್‌ಪಿಯ ಎರಡು ಮೂಲ ಕಡತಗಳನ್ನೇ ವೈರಸ್ ಎಂದು ಬಗೆಯಿತು. ಚೀನಾದಲ್ಲಿ ಅಸಂಖ್ಯ ಯಂತ್ರಗಳು ಮತ್ತೆ ಏಳಲಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಾಫಿಯ ಪಟ್ಟಿ ವಿಂಡೋಸ್‌ನ ಅತ್ಯಗತ್ಯ ಕಡತವೊಂದನ್ನು ಹಿಡಿದುಹಾಕಿತು. ಅಮೆರಿಕದ ಆಸ್ಪತ್ರೆ, ವಿಶ್ವವಿದ್ಯಾನಿಲಯಗಳಲ್ಲಿ ಯಂತ್ರಗಳು ಆರುವುದೂ ಏಳುವುದೂ ಆಗಿ ಕೆಲಸ ನಿಂತಿತು. ಎರಡೂ ಕಂಪನಿಗಳು ಬೇಗನೆ ತಿದ್ದಿದ ಪಟ್ಟಿಯನ್ನು ಹೊರಡಿಸಿದವು.

ಇಂದು ನಿಮ್ಮ ಮನೆಯಲ್ಲಿ ಇಂಥ ಕೆಂಪು ಚೌಕ ಮೂಡಿದರೆ ಗಾಬರಿಯೂ ಬೇಡ, ಉಡಾಫೆಯೂ ಬೇಡ. ಕಡತವನ್ನು ಅಳಿಸದೆ ಪ್ರತ್ಯೇಕವಾಗಿರಿಸಿ; ಅಲ್ಲಿಂದ ಅದನ್ನು ಮರಳಿ ಪಡೆಯಬಹುದು. ಅದು ತಯಾರಕರ ಸ್ವಂತ ತಾಣದಿಂದ ಬಂದದ್ದೋ, ಯಾರೋ ಕೊಟ್ಟ ಪ್ರತಿಯೋ ನೋಡಿ. ಆಂಟಿವೈರಸ್‌ನ ಪಟ್ಟಿಯನ್ನು ನವೀಕರಿಸಿ ಮತ್ತೊಮ್ಮೆ ಪರೀಕ್ಷಿಸಿ. 2004ರಲ್ಲಿ ಸ್ಪೇನ್‌ನಲ್ಲಿ ಆರಂಭವಾದ 'ವೈರಸ್‌ಟೋಟಲ್' ತಾಣದಲ್ಲಿ ಒಂದು ಕಡತವನ್ನು ಹತ್ತಾರು ಆಂಟಿವೈರಸ್‌ಗಳಿಗೆ ಒಮ್ಮೆಗೇ ತೋರಿಸಬಹುದು. ಖಾಸಗಿ ಕಾಗದಪತ್ರಗಳನ್ನು ಮಾತ್ರ ಅಲ್ಲಿಗೆ ಏರಿಸಬೇಡಿ. ಒಂದೆರಡು ಮಾತ್ರ ಕೂಗಿ ಉಳಿದವು ಸುಮ್ಮನಿದ್ದರೆ ಕೂಗು ಸುಳ್ಳಿರಬಹುದು. ಖಾತರಿಯಾದ ಮೇಲೆ ಆ ಒಂದು ಕಡತಕ್ಕೆ ಮಾತ್ರ ವಿನಾಯಿತಿ ಕೊಡಿ. ತಪ್ಪನ್ನು ಆಂಟಿವೈರಸ್ ಕಂಪನಿಗೂ ತಿಳಿಸಿ. ಕನ್ನಡದ ತಂತ್ರಾಂಶ ನಿರಪರಾಧಿಯೆಂದು ಸಾಕ್ಷಿ ಹೇಳಬೇಕಾದವರು ಕನ್ನಡಿಗರೇ ಅಲ್ಲವೇ? ಎಲ್ಲಕ್ಕಿಂತ ಮೊದಲು, ಬರೆದದ್ದರ ಒಂದು ಪ್ರತಿಯನ್ನು ಬೇರೆಡೆ ಇಡಿ.

ದಿನಚರಿಯನ್ನು ಮತ್ತೊಮ್ಮೆ ಬೆರಳಚ್ಚು ಮಾಡಿ ಮುಗಿಸಿದ್ದೇನೆ. ಟಿಪ್ಪಣಿಗಳ ಜಾಗ ಮಾತ್ರ ಖಾಲಿ ಇದೆ. ಅಣ್ಣಯ್ಯ ಹೇಳುತ್ತಿದ್ದ ಮನೆಯ ಹಳೆಯ ಸಂಗತಿಗಳು ಬಂಧುಗಳಲ್ಲಿ ಯಾರಿಗಾದರೂ ನೆನಪಿದ್ದರೆ, ಎರಡು ಸಾಲಾದರೂ ಬರೆದು ಕಳಿಸಿ.