ಖೋಡದದಲ್ಲಿ ಕೇಳಿಸಿದ ಮಿಡಿತ

1826ರಲ್ಲಿ ಆಸ್ಟ್ರೇಲಿಯದ ಪ್ಯಾರಮಟ್ಟದಲ್ಲಿ ದಕ್ಷಿಣಾಕಾಶವನ್ನು ಶೋಧಿಸುತ್ತಿದ್ದ ಜೇಮ್ಸ್ ಡನ್‌ಲಪ್, ಕೊಲಂಬಾ ನಕ್ಷತ್ರಪುಂಜದಲ್ಲಿ ಮಸುಕಾದ ಬೆಳಕೊಂದನ್ನು ಗುರುತಿಸಿದ. ಅದೇ ಇಂದಿನ ಎನ್‌ಜಿಸಿ 1851: ಸುಮಾರು 40,000 ಜ್ಯೋತಿರ್ವರ್ಷ ದೂರದಲ್ಲಿ ಲಕ್ಷಾಂತರ ಮುದಿ ನಕ್ಷತ್ರಗಳು ಒತ್ತಾಗಿ ನೆರೆದಿರುವ ಗೋಳಾಕಾರದ ಗುಚ್ಛ.

ಅದರೊಳಗಿನ ಮೊದಲ ಪಲ್ಸಾರಿನ ಮಿಡಿತ ಕೇಳಿಸಿದ್ದು ನಮ್ಮ ಪುಣೆಯ ಮಗ್ಗುಲಲ್ಲೇ. ನಾಸಿಕದ ರಸ್ತೆಯಲ್ಲಿ ಸಿಗುವ ನಾರಾಯಣಗಾಂವ್ ಸಮೀಪದ ಖೋಡದದಲ್ಲಿ ಗೋವಿಂದ ಸ್ವರೂಪರು ಕಟ್ಟಿಸಿದ ಜಿಎಂಆರ್‌ಟಿ ಇದೆ. 45 ಮೀಟರ್ ಅಗಲದ 30 ರೇಡಿಯೋ ತಟ್ಟೆಗಳು. ಪಾಲೊ ಫ್ರೈರೆ, ಯಶವಂತ ಗುಪ್ತ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಈ ಪಲ್ಸಾರ್, ಜಿಎಂಆರ್‌ಟಿ ಕಂಡುಹಿಡಿದ ಮೊತ್ತಮೊದಲನೆಯದೂ ಹೌದು.

ಐದು ಮಿಲಿಸೆಕೆಂಡಿಗೊಮ್ಮೆ ತಿರುಗುವ ನ್ಯೂಟ್ರಾನ್ ನಕ್ಷತ್ರವಿದು. ಇಂಥ ವೇಗ ಬರುವುದು ಸಂಗಾತಿ ನಕ್ಷತ್ರದ ದ್ರವ್ಯವನ್ನು ಸೆಳೆದುಕೊಂಡಾಗ. ಅಂಥ ಜೋಡಿಯ ಕಕ್ಷೆ ಬಹುಮಟ್ಟಿಗೆ ವೃತ್ತವಾಗಿಬಿಡುತ್ತದೆ. ಇಲ್ಲಿಯದಾದರೋ 18.8 ದಿನಗಳ, ವಿಪರೀತ ನೀಳವಾದ ಕಕ್ಷೆ. ಉಣಿಸಿ ಬೆಳೆಸಿದ ಹಳೆಯ ಸಂಗಾತಿಯನ್ನು ಜಾತ್ರೆಯ ನೂಕುನುಗ್ಗಲಿನಂಥ ಆ ಗುಂಪಿನಲ್ಲಿ ಇನ್ನೊಂದು ತಳ್ಳಿ, ಅದರ ಜಾಗ ಹಿಡಿದಿರಬೇಕು. ನನಗೆ ಸೋಜಿಗವೆನಿಸುವುದು ಇದೇ: ಹೊರದೂಡಲ್ಪಟ್ಟ ನಕ್ಷತ್ರವನ್ನು ಯಾರೂ ಕಂಡಿಲ್ಲ, ಅದರ ಕಥೆ ಮಾತ್ರ ಮಿಡಿತದ ಲೆಕ್ಕದಲ್ಲಿ ಉಳಿದಿದೆ.

2022ರಲ್ಲಿ ದಕ್ಷಿಣ ಆಫ್ರಿಕದ ಮೀರ್‌ಕ್ಯಾಟ್ ಅದೇ ಗುಚ್ಛದಲ್ಲಿ ಇನ್ನೂ 13 ಪಲ್ಸಾರುಗಳನ್ನು ಹುಡುಕಿತು. ಪಟ್ಟಿಯಲ್ಲಿ ‘ಎ’ ಎಂಬ ಅಕ್ಷರ ಖೋಡದದ ಪಾಲಿನದೇ.