ಮಾನವ ಹಕ್ಕು, ಖಾಸಗಿತನದ ವ್ಯಾಜ್ಯಗಳು: ಕಲಬುರಗಿ ಸೀಮೆಯ ನ್ಯಾಯಪೀಠಗಳ ಇತಿಹಾಸ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಜನರು ಮಾನವ ಹಕ್ಕು ಮತ್ತು ಖಾಸಗಿತನದ ವ್ಯಾಜ್ಯಗಳಿಗಾಗಿ ಮೊರೆಹೋಗುವ ನ್ಯಾಯಾಲಯ, ಆಯೋಗ ಹಾಗೂ ನ್ಯಾಯಮಂಡಳಿಗಳ ಬೆಳವಣಿಗೆಯನ್ನು ಈ ಲೇಖನ ವಿವರಿಸುತ್ತದೆ. ಈ ಇತಿಹಾಸದಲ್ಲಿ ಎರಡು ಎಳೆಗಳಿವೆ. ಹಕ್ಕುಗಳ ವ್ಯಾಪ್ತಿ ತೀರ್ಪಿನಿಂದ ತೀರ್ಪಿಗೆ ಹಿಗ್ಗಿದ್ದು ಒಂದು, ಆ ಹಕ್ಕನ್ನು ಕೇಳುವ ಪೀಠ ಜನರ ಹತ್ತಿರಕ್ಕೆ ಬಂದದ್ದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕಷ್ಟು ಗಮನ ಎರಡನೆಯದಕ್ಕೆ ಸಿಕ್ಕಿಲ್ಲ.

ಹಿನ್ನೆಲೆ

ಈ ಸೀಮೆಗೆ ನ್ಯಾಯಶಾಸ್ತ್ರದ ಹಳೆಯ ನಂಟಿದೆ. ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನ ಹೆಸರು ಶಹಾಬಾದ್ ಸಮೀಪದ ಮರ್ತೂರಿನೊಂದಿಗೆ ಬೆಸೆದುಕೊಂಡಿದೆ. ಅರಸನು ನೇಮಿಸಿದ ಸಭೆ, ಊರಿನ ಕೂಟವಾದ ಪೂಗ, ಕಸುಬುದಾರರ ಶ್ರೇಣಿ, ಬಂಧುಗಳ ಕುಲ ಎಂಬ ನಾಲ್ಕು ಹಂತಗಳನ್ನು ಆ ಗ್ರಂಥದ ವ್ಯವಹಾರಾಧ್ಯಾಯ ಚರ್ಚಿಸುತ್ತದೆ. ಕೆಳಗಿನ ಹಂತದಲ್ಲಿ ಸೋತವನು ಮೇಲಿನದಕ್ಕೆ ಹೋಗಬಹುದಿತ್ತು. ಆದರೆ ಅಂದಿನ ವ್ಯವಸ್ಥೆಯಲ್ಲಿ ಜಾತಿ ಮತ್ತು ಲಿಂಗಕ್ಕೆ ತಕ್ಕಂತೆ ನ್ಯಾಯದ ಅಳತೆ ಬದಲಾಗುತ್ತಿತ್ತು. ಎಲ್ಲರಿಗೂ ಸಮಾನವಾದ ಹಕ್ಕು ಎಂಬುದು ಸಂವಿಧಾನದ ಕೊಡುಗೆ.

ನಿಜಾಮರ ಆಳ್ವಿಕೆಯಲ್ಲಿ ಗುಲ್ಬರ್ಗಾ (ಇಂದಿನ ಕಲಬುರಗಿ) ಜಿಲ್ಲೆ ಹೈದರಾಬಾದ್ ಹೈಕೋರ್ಟಿನ ವ್ಯಾಪ್ತಿಯಲ್ಲಿತ್ತು. ಕೋರ್ಟು ಕಚೇರಿಗಳ ಭಾಷೆ ಉರ್ದು. ಜಿಲ್ಲೆಯ ಕೆಲವು ಭಾಗಗಳು ಜಹಗೀರು ಮತ್ತು ಪಾಯಗಾ ಮನೆತನಗಳ ಆಡಳಿತಕ್ಕೆ ಸೇರಿದ್ದವು. ಆಳುವವರ ವಿರುದ್ಧವೇ ಹೂಡಬಹುದಾದ ಮೂಲಭೂತ ಹಕ್ಕಿನ ದಾವೆ ಆಗ ಇರಲಿಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದ ಮೇಲೆ 226ನೇ ವಿಧಿಯಡಿ ರಿಟ್ ಅರ್ಜಿಯ ದಾರಿ ತೆರೆಯಿತು.

ಹೈಕೋರ್ಟ್ ಪೀಠ

1956ರ ನವೆಂಬರ್ 1ರಂದು ಏಕೀಕರಣವಾದಾಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಅದರ ಹೈಕೋರ್ಟ್ ಬೆಂಗಳೂರಿನದಾಯಿತು. ಭಾಷೆಯಲ್ಲಿ ಒಂದಾದ ನಾಡಿನಲ್ಲಿ ನ್ಯಾಯದ ಹಾದಿ ಮಾತ್ರ ಉದ್ದವಾಯಿತು. ಪೊಲೀಸರ ಅಕ್ರಮ ಬಂಧನವನ್ನೋ ಸರ್ಕಾರದ ಭೂಸ್ವಾಧೀನವನ್ನೋ ಪ್ರಶ್ನಿಸಬೇಕಾದ ಚಿಂಚೋಳಿಯ ರೈತ, ಶಹಾಬಾದಿನ ಕಲ್ಲುಗಣಿ ಕಾರ್ಮಿಕ ಸುಮಾರು 600 ಕಿ.ಮೀ. ದೂರ ಹೋಗಬೇಕಿತ್ತು. ದಿನಗೂಲಿಯಲ್ಲಿ ಬದುಕುವವರಿಗೆ ಒಂದು ಮುದ್ದತಿಗೆ ಹಲವು ದಿನದ ಕೂಲಿ ಹೋಗುತ್ತಿತ್ತು. ಸಂಚಾರಿ ಪೀಠಕ್ಕಾಗಿ ಉತ್ತರ ಕರ್ನಾಟಕದ ವಕೀಲರು ಮತ್ತು ನಾಗರಿಕರು ದಶಕಗಳ ಕಾಲ ಹೋರಾಡಿದ್ದು ಇದೇ ಕಾರಣಕ್ಕೆ.

2008ರ ಜುಲೈನಲ್ಲಿ ಧಾರವಾಡ ಮತ್ತು ಗುಲ್ಬರ್ಗಾಗಳಲ್ಲಿ ಸಂಚಾರಿ ಪೀಠಗಳು ಆರಂಭವಾದವು. 2013ರ ಆಗಸ್ಟ್‌ನಲ್ಲಿ ಅವು ಕಾಯಂ ಪೀಠಗಳಾದವು. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಮತ್ತು ವಿಜಯಪುರ ಜಿಲ್ಲೆಗಳು ಕಲಬುರಗಿ ಪೀಠಕ್ಕೆ ಸೇರಿವೆ. ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿಗಳಲ್ಲಿ ತಾಲ್ಲೂಕು ಮಟ್ಟದ ನ್ಯಾಯಾಲಯಗಳಿವೆ.

ಪ್ರಭುತ್ವದ ವಿರುದ್ಧ ಪ್ರಜೆಯ ಮಾತು ಕೇಳುವ ಕೆಲಸವನ್ನು ಈ ಪೀಠ ಹಲವು ಸಲ ಮಾಡಿದೆ. ಬೀದರಿನ ಶಾಲೆಯೊಂದರ ಮಕ್ಕಳ ನಾಟಕಕ್ಕಾಗಿ 2020ರಲ್ಲಿ ದಾಖಲಾಗಿದ್ದ ರಾಜದ್ರೋಹ ಪ್ರಕರಣವನ್ನು 2023ರ ಜೂನ್‌ನಲ್ಲಿ ರದ್ದುಪಡಿಸಿದ್ದು ಇದೇ ಪೀಠ.

ಚಿತ್ತಾಪುರ ಪ್ರಕರಣ, 2025

ಪೀಠದ ಸಾಮೀಪ್ಯಕ್ಕೆ ಇರುವ ಬೆಲೆ 2025ರಲ್ಲಿ ಚಿತ್ತಾಪುರದಲ್ಲಿ ಕಂಡಿತು. ಅಕ್ಟೋಬರ್ 19ರಂದು ಪಟ್ಟಣದಲ್ಲಿ ಪಥಸಂಚಲನ ನಡೆಸಲು ರಾಷ್ಟ್ರೀಯ ಸ್ವಯಂಸೇವಕ ಸಂಘ ಸಿದ್ಧವಾಗಿತ್ತು. ಅದೇ ದಿನ ಮೆರವಣಿಗೆ ನಡೆಸುವುದಾಗಿ ಭೀಮ್ ಆರ್ಮಿ ಮೊದಲಾದ ಸಂಘಟನೆಗಳೂ ತಿಳಿಸಿದ್ದವು. ಶಾಂತಿಭಂಗದ ಆತಂಕ ಮುಂದಿಟ್ಟು ತಹಶೀಲ್ದಾರರು ಅನುಮತಿ ನಿರಾಕರಿಸಿದರು. ಭಾನುವಾರವಾಗಿದ್ದರೂ ಕಲಬುರಗಿ ಪೀಠ ವಿಶೇಷ ಕಲಾಪ ನಡೆಸಿ, ಬೇರೆ ದಿನಾಂಕಕ್ಕೆ ಹೊಸ ಅರ್ಜಿ ಸಲ್ಲಿಸುವಂತೆ ಅರ್ಜಿದಾರರಿಗೆ ಸೂಚಿಸಿತು. ಆಮೇಲೆ ಸಂಘಟನೆಗಳೊಂದಿಗೆ ಶಾಂತಿಸಭೆಗಳು ನಡೆದವು. ಕೊನೆಗೆ 300 ಜನ ಹಾಗೂ 50 ಜನರ ವಾದ್ಯತಂಡದ ಮಿತಿಯೊಂದಿಗೆ ನವೆಂಬರ್ 16ರಂದು ಪಥಸಂಚಲನ ನಡೆಯಿತು.

ಶಸ್ತ್ರವಿಲ್ಲದೆ ಶಾಂತಿಯುತವಾಗಿ ಸೇರುವ ಹಕ್ಕನ್ನು 19(1)(ಬಿ) ವಿಧಿ ಕೊಡುತ್ತದೆ. 19(3) ಅದಕ್ಕೆ ಯುಕ್ತ ನಿರ್ಬಂಧ ಹಾಕಲು ಬಿಡುತ್ತದೆ. ಚಿತ್ತಾಪುರದಲ್ಲಿ ಈ ಎರಡರ ತೂಕ ನೋಡಿದ್ದು ಮಾತುಕತೆಯ ಮೂಲಕ. ದಿನಾಂಕ, ಸಮಯ ಮತ್ತು ಸಂಖ್ಯೆಗಳ ಮೇಲೆ ಮಿತಿ ಬಿತ್ತೇ ಹೊರತು ಹಕ್ಕು ಪೂರ್ತಿ ಮೊಟಕಾಗಲಿಲ್ಲ. ಸಂಘಟನೆ ಯಾವುದೇ ಇರಲಿ, ನಾಳೆ ಬೀದಿಗಿಳಿಯುವ ಕಾರ್ಮಿಕರಿಗೂ ದಲಿತರಿಗೂ ರೈತರಿಗೂ ಇದೇ ಅಳತೆ ಅನ್ವಯಿಸಬೇಕು. ಪ್ರಕರಣದ ನಿಜವಾದ ಮಹತ್ವ ಇರುವುದು ಅಲ್ಲಿ.

ಖಾಸಗಿತನದ ಹಕ್ಕು

ಸಂವಿಧಾನದಲ್ಲಿ ಖಾಸಗಿತನ ಎಂಬ ಪದವಿಲ್ಲ. 1954ರ ಎಂ.ಪಿ. ಶರ್ಮಾ ಮತ್ತು 1962ರ ಖರಕ್ ಸಿಂಗ್ ತೀರ್ಪುಗಳು ಅದನ್ನು ಮೂಲಭೂತ ಹಕ್ಕೆಂದು ಒಪ್ಪಿರಲಿಲ್ಲ. 1996ರಲ್ಲಿ ದೂರವಾಣಿ ಕದ್ದಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನಕ್ಕೆ ರಕ್ಷಣೆ ಕೊಟ್ಟಿತು. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವಂತಿಲ್ಲ ಎಂದಿತು.

ತಿರುವು ತಂದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1977ರಿಂದ 1986ರವರೆಗೆ ಹೈಕೋರ್ಟಿನಲ್ಲಿದ್ದ ಅವರು, ಅನಂತರ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠದ ಉಪಾಧ್ಯಕ್ಷರಾದರು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕಿನಲ್ಲಿ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯಯುತವಾಗಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರಿ ಸೌಲಭ್ಯಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿದು, ಖಾಸಗಿ ಕಂಪನಿಗಳು ಅದನ್ನು ಕೇಳಲು ಅವಕಾಶವಿದ್ದ ಭಾಗವನ್ನು ತೆಗೆದುಹಾಕಿತು. ಪುಟ್ಟಸ್ವಾಮಿ 2024ರ ಅಕ್ಟೋಬರ್ 28ರಂದು ನಿಧನರಾದರು.

ಈ ತತ್ತ್ವ ಮನೆಯ ಜಗಳಗಳವರೆಗೂ ಇಳಿದಿದೆ. ಜೀವನಾಂಶದ ಆದೇಶ ಜಾರಿಗಾಗಿ ಗಂಡನ ಆಧಾರ್ ವಿಳಾಸ ಕೇಳಿದ ಹುಬ್ಬಳ್ಳಿಯ ಮಹಿಳೆಯ ಪ್ರಕರಣದಲ್ಲಿ, ಮದುವೆಯಾದ ಮಾತ್ರಕ್ಕೆ ಸಂಗಾತಿಯ ಖಾಸಗಿತನ ಕರಗಿಹೋಗುವುದಿಲ್ಲ ಎಂದು 2023ರಲ್ಲಿ ಧಾರವಾಡ ಪೀಠ ಹೇಳಿತು. ಪೊಲೀಸರು ಮೊಬೈಲ್ ಶೋಧಿಸುವಾಗ ಪಾಲಿಸಬೇಕಾದ ಕ್ರಮವನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿವರಿಸಿತ್ತು.

ಕಲಬುರಗಿಗೆ ಖಾಸಗಿತನದ ಪ್ರಶ್ನೆ 2020ರಲ್ಲಿ ತೀರ ಹತ್ತಿರವಾಯಿತು. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಈ ಜಿಲ್ಲೆಯ ವೃದ್ಧರೊಬ್ಬರದು. ಅದೇ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಪ್ರಕಟಿಸಿತು. ಸಾರ್ವಜನಿಕ ಆರೋಗ್ಯದ ಹೆಸರಿನಲ್ಲಿಯೂ ವ್ಯಕ್ತಿಯ ಮನೆಬಾಗಿಲನ್ನು ಊರಿಗೆಲ್ಲ ತೋರಿಸಬೇಕೇ ಎಂಬುದು 2017ರ ತೀರ್ಪಿನ ಅಳತೆಗೋಲಿಗೆ ಸಿಗಬೇಕಾದ ಪ್ರಶ್ನೆ.

ಆಯೋಗ ಮತ್ತು ನ್ಯಾಯಮಂಡಳಿಗಳು

1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ ಕಾರ್ಯಾರಂಭ ಮಾಡಿತು. ನ್ಯಾಯಮೂರ್ತಿ ಎಸ್.ಆರ್. ನಾಯಕ್ ಮೊದಲ ಅಧ್ಯಕ್ಷರು. ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು. ತನಿಖೆಯ ಬಳಿಕ ಪರಿಹಾರ ಅಥವಾ ಕ್ರಮಕ್ಕೆ ಶಿಫಾರಸು ಮಾಡುವುದು ಆಯೋಗದ ಮುಖ್ಯ ಅಧಿಕಾರ. ಸರ್ಕಾರಿ ನೌಕರರ ಸೇವಾ ವ್ಯಾಜ್ಯಗಳಿಗೆ 1986ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯಿದ್ದು, ಅದರ ಪೀಠವೊಂದು ಈಗ ಕಲಬುರಗಿಯಲ್ಲಿದೆ. 1997ರ ಎಲ್. ಚಂದ್ರಕುಮಾರ್ ತೀರ್ಪಿನ ಪ್ರಕಾರ ಇಂಥ ನ್ಯಾಯಮಂಡಳಿಗಳ ಆದೇಶಗಳನ್ನು ಹೈಕೋರ್ಟಿನ ವಿಭಾಗೀಯ ಪೀಠ ಪರಿಶೀಲಿಸಬಹುದು.

ಮಾಹಿತಿ ಸೋರಿಕೆಯ ದೂರುಗಳ ದಾರಿ ಬೇರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಗಳನ್ನು ನ್ಯಾಯನಿರ್ಣಯಾಧಿಕಾರಿಯಾಗಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ ಆಲಿಸುತ್ತಾರೆ. ಸೈಬರ್ ಮೇಲ್ಮನವಿ ನ್ಯಾಯಮಂಡಳಿಯನ್ನು 2017ರಲ್ಲಿ ದೆಹಲಿಯ ಟೆಲಿಕಾಂ ನ್ಯಾಯಮಂಡಳಿಯೊಂದಿಗೆ ವಿಲೀನಗೊಳಿಸಲಾಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ದತ್ತಾಂಶ ಸಂರಕ್ಷಣಾ ಮಂಡಳಿಯ ರಚನೆಗೆ ಅವಕಾಶ ಮಾಡಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಂಡಳಿಯ ತೀರ್ಪಿನ ಮೇಲ್ಮನವಿಯೂ ಟೆಲಿಕಾಂ ನ್ಯಾಯಮಂಡಳಿಗೇ ಹೋಗುತ್ತದೆ. ಅದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ಬದಲಿಸಿ, ವೈಯಕ್ತಿಕ ಮಾಹಿತಿಗೆ ಇನ್ನೂ ವಿಸ್ತಾರವಾದ ವಿನಾಯಿತಿ ಕೊಟ್ಟಿದೆ.

ಮೌಲ್ಯಮಾಪನ

ಚಿಂಚೋಳಿಯಿಂದ ಬೆಂಗಳೂರಿಗಿದ್ದ ಹಾದಿಯನ್ನು ಕಲಬುರಗಿ ಪೀಠ ಮೊಟಕುಗೊಳಿಸಿತು. ಆದರೆ ದತ್ತಾಂಶದ ವ್ಯಾಜ್ಯಗಳಲ್ಲಿ ಮೇಲ್ಮನವಿ ದೂರದ ದೆಹಲಿಗೆ ಸರಿದಿದೆ. ದತ್ತಾಂಶ ಸಂರಕ್ಷಣಾ ಮಂಡಳಿಯ ಕಲಾಪ ಆನ್‌ಲೈನಿನಲ್ಲಿ ನಡೆದರೂ, ಸ್ಮಾರ್ಟ್‌ಫೋನ್ ಮತ್ತು ಇಂಗ್ಲಿಷ್ ಎರಡೂ ಕೈಗೆಟುಕದ ಕಾರ್ಮಿಕನಿಗೆ ಅದು ದೂರವೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ನೆರವಿದೆ. ಅದು ತಾಲ್ಲೂಕು ಸಮಿತಿಗಳಲ್ಲೇ ಸಿಗುತ್ತದೆ. ಆ ಸಮಿತಿಗಳು ಮಾಹಿತಿ ಸೋರಿಕೆ, ಆಧಾರ್ ತೊಡಕು, ಅಕ್ರಮ ಶೋಧದಂಥ ದೂರುಗಳನ್ನೂ ಕನ್ನಡದಲ್ಲೇ ಬರೆದುಕೊಟ್ಟು ಮುಂದೊಯ್ದರೆ, ಪುಟ್ಟಸ್ವಾಮಿ ಗೆದ್ದುಕೊಟ್ಟ ಹಕ್ಕು ವಾಡಿಯ ಸಿಮೆಂಟ್ ಕಾರ್ಮಿಕನಿಗೂ ಸೇಡಂನ ವಿಧವೆಗೂ ದಕ್ಕುತ್ತದೆ.